ಅಂಚೆಯಲ್ಲಿ ಬಂದ ಬಹುಮಾನ

ಅಕ್ಕಂದಿರೇ, ತಂಗಿಯರೇ, ಮೊದಲು ಈ ಕಾಗದ ಓದಿ ನೋಡಿ.

‘ಅಭಿನಂದನೆಗಳು! ನಮ್ಮ ಕಂಪನಿಯ ವಾರ್ಷಿಕೋತ್ಸವದ ಲಕ್ಕಿ ಡ್ರಾದಲ್ಲಿ ನಿಮ್ಮ ಹೆಸರು ಆಯ್ಕೆಯಾಗಿದೆ. ನಿಮಗೆ 12,80,000 ರೂಪಾಯಿ ಬೆಲೆಯ ಕಾರು ಬಹುಮಾನವಾಗಿ ಬಂದಿದೆ. ಕಾರು ಬೇಡವಾದರೆ ಅಷ್ಟೇ ನಗದು ಕೊಡುತ್ತೇವೆ. 7 ದಿನದ ಒಳಗೆ ಕೆಳಗಿನ ನಂಬರಿಗೆ ಫೋನ್ ಮಾಡಿ. ಬಹುಮಾನ ಕೈಗೆ ಸೇರುವ ತನಕ ಯಾರಿಗೂ ಹೇಳಬೇಡಿ.’

ಇದು ನಾನು ಮಾದರಿಗೆ ಬರೆದ ಕಾಗದ. ಆದರೆ ಅಂಚೆಯಲ್ಲಿ ಬರುವ ಕಾಗದಗಳು ಹೆಚ್ಚು ಕಡಿಮೆ ಹೀಗೇ ಇರುತ್ತವೆ. ದಪ್ಪ ಕಾಗದ, ಬಣ್ಣದ ಅಚ್ಚು, ಕಾರಿನ ಚಿತ್ರ, ಗುಂಡಗಿನ ಸೀಲು, ಯಾರದೋ ಸಹಿ. ಜೊತೆಗೆ ಒಂದು ಸ್ಕ್ರ್ಯಾಚ್ ಕಾರ್ಡು. ಉಗುರಿನಲ್ಲಿ ಕೆರೆದರೆ ಒಳಗೆ ‘ಮೊದಲನೇ ಬಹುಮಾನ’ ಅಂತ ಇರುತ್ತೆ. ಯಾರು ಕೆರೆದರೂ ಮೊದಲನೇ ಬಹುಮಾನವೇ! ಸಮಾಧಾನಕರ ಬಹುಮಾನ ಬಂದವರನ್ನು ನಾನಂತೂ ಕಂಡಿಲ್ಲ.

ಓದು ಬಾರದ ಕಾಲದಲ್ಲಿ ಇಂಥ ಕಾಗದ ಬಂದರೆ ಏನಾಗುತ್ತಿತ್ತು? ಯಾರಾದರೂ ಓದಿ ಹೇಳಬೇಕಿತ್ತು. ಇಲ್ಲದಿದ್ದರೆ ಒಲೆಗೆ ಹೋಗುತ್ತಿತ್ತು. ಈಗ ನೀವೇ ಓದುತ್ತೀರಿ. ನಿಮ್ಮ ಹೆಸರು, ನಿಮ್ಮ ಊರು, ಪಿನ್ ಕೋಡು ಎಲ್ಲ ಅಚ್ಚಾಗಿ ಬಂದಿರುತ್ತೆ. ಅಚ್ಚಾದದ್ದು ಸುಳ್ಳಾಗಿರುತ್ತಾ ಅಂತ ಅನಿಸುತ್ತೆ. ಮೋಸ ಮಾಡುವವರಿಗೆ ಬೇಕಾದದ್ದೂ ಅದೇ. ಆಮೇಲೆ ದುಡ್ಡು ಹೋದಾಗ ಮನೆಯವರು ಏನು ಹೇಳುತ್ತಾರೆ ಗೊತ್ತಲ್ಲ? ‘ಅಕ್ಷರ ಕಲಿತು ಮನೆ ಹಾಳು ಮಾಡಿದಳು’ ಅಂತಾರೆ. ಆದ್ದರಿಂದ ಈ ಪಾಠ ನಮಗೆ ಬೇಕೇ ಬೇಕು.

ನಮ್ಮ ಹೆಸರು ಅವರಿಗೆ ಹೇಗೆ ಸಿಕ್ಕಿತು?

ಇದೇನೂ ದೊಡ್ಡ ವಿದ್ಯೆಯಲ್ಲ. ನಾವು ಫೋನಿನಲ್ಲಿ ಸೀರೆಗೋ ಕುಕ್ಕರಿಗೋ ಆರ್ಡರ್ ಕೊಡುತ್ತೇವೆ. ಪಾರ್ಸೆಲ್ ಮೇಲೆ ಹೆಸರು, ವಿಳಾಸ, ಫೋನ್ ನಂಬರ್ ಇರುತ್ತೆ. ಜಾತ್ರೆಯಲ್ಲಿ ‘ಚೀಟಿ ಬರೆದು ಹಾಕಿ, ಫ್ರಿಜ್ ಗೆಲ್ಲಿ’ ಅಂದರೆ ಬರೆದು ಹಾಕುತ್ತೇವೆ. ಇಂಥ ಹೆಸರುಗಳ ಪಟ್ಟಿ ಕೈಯಿಂದ ಕೈಗೆ ಮಾರಾಟವಾಗುತ್ತೆ. ಕಾಗದದಲ್ಲಿ ನಿಮ್ಮ ಹೆಸರು ಸರಿಯಾಗಿದೆ ಅಂದರೆ ಅವರ ಬಳಿ ಪಟ್ಟಿ ಇದೆ ಅಂತ ಅರ್ಥ. ಬಹುಮಾನ ಇದೆ ಅಂತ ಅರ್ಥವಲ್ಲ.

ಕಾಗದವನ್ನು ಮತ್ತೆ ಓದೋಣ

ಈಗ ಮೇಲಿನ ಕಾಗದವನ್ನು ಒಂದೊಂದೇ ಸಾಲು ಓದೋಣ. ಅಕ್ಕಿ ಆರಿಸುವ ಹಾಗೆ ನಿಧಾನವಾಗಿ ನೋಡೋಣ.

‘ಲಕ್ಕಿ ಡ್ರಾದಲ್ಲಿ ನಿಮ್ಮ ಹೆಸರು ಆಯ್ಕೆಯಾಗಿದೆ.’ ಯಾವ ಡ್ರಾ? ಎಲ್ಲಿ ನಡೆಯಿತು? ಯಾವ ದಿನ? ಯಾರ ಎದುರಿಗೆ? ಕಾಗದದಲ್ಲಿ ಇಲ್ಲ. ನೀವು ಟಿಕೆಟ್ ಕೊಂಡಿದ್ದಿರಾ? ಅದೂ ಇಲ್ಲ. ಬಿತ್ತನೆ ಮಾಡದ ಹೊಲದಲ್ಲಿ ರಾಗಿ ಕೊಯ್ಯಲು ಬಾ ಅಂದ ಹಾಗಾಯಿತು.

‘7 ದಿನದ ಒಳಗೆ.’ ಈ ಅವಸರ ಯಾಕೆ? ನೀವು ಯೋಚನೆ ಮಾಡಬಾರದು ಅಂತ.

‘ಯಾರಿಗೂ ಹೇಳಬೇಡಿ.’ ಈ ಸಾಲಿಗೆ ಕೆಂಪು ಗೆರೆ ಎಳೆಯಿರಿ. ನಿಜವಾದ ಬಹುಮಾನ ಕೊಡುವವರು ಡೋಲು ಹೊಡೆದು ಹೇಳುತ್ತಾರೆ. ಪೇಪರಿನಲ್ಲಿ ಫೋಟೋ ಹಾಕಿಸುತ್ತಾರೆ. ಮುಚ್ಚಿಡಿ ಅನ್ನುವುದು ಯಾಕೆಂದರೆ ನೀವು ಪಕ್ಕದ ಮನೆಯವರಿಗೆ ಹೇಳಿದರೆ, ‘ನಮಗೂ ಅದೇ ಬಂದಿದೆ’ ಅಂತ ಅವರೂ ಕಾಗದ ತೋರಿಸಬಹುದು.

‘ಕೆಳಗಿನ ನಂಬರಿಗೆ ಫೋನ್ ಮಾಡಿ.’ ಮೋಸದ ಬಾಗಿಲು ಇದೇ. ಕಾಗದದಲ್ಲಿ ದುಡ್ಡು ಕೊಡಿ ಅಂತ ಎಲ್ಲೂ ಬರೆದಿರುವುದಿಲ್ಲ, ನೋಡಿದಿರಾ? ದುಡ್ಡಿನ ಮಾತು ಫೋನಿನಲ್ಲಿ ಬರುತ್ತೆ. ಮೊದಲ ದಿನ ರಿಜಿಸ್ಟ್ರೇಷನ್ನಿಗೆ ಅಂತ 2,500 ರೂಪಾಯಿ ಕೇಳಬಹುದು. ಅಷ್ಟನ್ನು ಕೋಳಿ ಮಾರಿ ಕಟ್ಟುತ್ತೀರಿ. ಎರಡು ದಿನ ಬಿಟ್ಟು ತೆರಿಗೆಗೆ 12,000 ಅನ್ನುತ್ತಾರೆ. ಸಂಘದಲ್ಲಿ ಸಾಲ ತೆಗೆದು ಕಟ್ಟುತ್ತೀರಿ. ಆಮೇಲೆ ಕಾರು ಸಾಗಿಸುವ ಖರ್ಚು, ಇನ್ಶೂರೆನ್ಸು, ಬ್ಯಾಂಕಿನ ಚಾರ್ಜು. ಒಮ್ಮೆ ಕೊಟ್ಟ ಮೇಲೆ ನಿಲ್ಲಿಸುವುದು ಕಷ್ಟ. ಇಷ್ಟು ಕೊಟ್ಟಿದ್ದೀವಿ, ಇನ್ನೊಂದು ಸ್ವಲ್ಪ ಕೊಟ್ಟರೆ ಕಾರು ಬರುತ್ತಲ್ಲ ಅಂತ ಮನಸ್ಸು ಎಳೆಯುತ್ತೆ. ಕೊನೆಗೆ ಓಲೆಯೂ ಗಿರವಿ ಅಂಗಡಿಗೆ ಹೋಗುತ್ತೆ. ಒಂದು ದಿನ ಆ ಫೋನು ಸ್ವಿಚ್ ಆಫ್.

ಇನ್ನೊಂದು ಬಗೆಯೂ ಉಂಟು. ದುಡ್ಡು ಕೊಟ್ಟರೆ ಮಾತ್ರ ಕೈಗೆ ಸಿಗುವ ಪಾರ್ಸೆಲ್ಲು ಬರುತ್ತೆ. ‘ಬಹುಮಾನ ಬಂದಿದೆ, 1,500 ಕೊಟ್ಟು ಬಿಡಿಸಿಕೊಳ್ಳಿ’ ಅಂತ ಇರುತ್ತೆ. ಒಡೆದು ನೋಡಿದರೆ ಒಳಗೆ ಕೆಲಸಕ್ಕೆ ಬಾರದ ಗಡಿಯಾರ. ನೀವು ಆರ್ಡರ್ ಕೊಡದ ಪಾರ್ಸೆಲ್ಲನ್ನು ತೆಗೆದುಕೊಳ್ಳಲೇಬೇಕು ಅಂತ ಏನೂ ಇಲ್ಲ. ‘ನನಗೆ ಬೇಡ, ವಾಪಸ್ ಕಳಿಸಿ’ ಅಂತ ಪೋಸ್ಟ್‌ಮ್ಯಾನಿಗೆ ಹೇಳಿ. ಪಾಪ, ಅವರ ಮೇಲೆ ರೇಗಬೇಡಿ. ಅವರು ತಂದುಕೊಡುವವರು ಅಷ್ಟೆ.

ನಿಜವಾದ ಲಾಟರಿ ಹೇಗಿರುತ್ತೆ?

ನಮ್ಮ ದೇಶದಲ್ಲಿ ಲಾಟರಿಗೆ 1998ರಲ್ಲಿ ಒಂದು ಕಾನೂನು ಬಂತು. ಆ ಕಾನೂನಿನ ಪ್ರಕಾರ ಲಾಟರಿ ನಡೆಸುವ ಅಧಿಕಾರ ಇರುವುದು ರಾಜ್ಯ ಸರ್ಕಾರಗಳಿಗೆ. ಟಿಕೆಟ್ ಮೇಲೆ ಆ ರಾಜ್ಯದ ಗುರುತು ಅಚ್ಚಾಗಿರಬೇಕು. ಡ್ರಾವನ್ನು ಸರ್ಕಾರವೇ, ಆ ರಾಜ್ಯದ ಒಳಗೇ ನಡೆಸಬೇಕು. ಈ ಕಾನೂನು ಮುರಿದು ಲಾಟರಿ ನಡೆಸಿದರೆ, ಮಾರಿದರೆ 2 ವರ್ಷದ ತನಕ ಜೈಲು. ಯಾವುದೋ ಅಂಗಡಿಯವರು, ಹೆಸರು ಕೇಳದ ಕಂಪನಿಯವರು ಲಾಟರಿ ನಡೆಸುವ ಹಾಗೇ ಇಲ್ಲ.

ಬೇಡ ಅನ್ನುವ ರಾಜ್ಯ ತನ್ನ ನೆಲದಲ್ಲಿ ಲಾಟರಿಯನ್ನು ನಿಲ್ಲಿಸಬಹುದು. ಕರ್ನಾಟಕ 2007ರಲ್ಲಿ ಲಾಟರಿ ನಿಷೇಧ ಮಾಡಿತು. ಅದಕ್ಕೆ ಮುಂಚೆ ಬಸ್ ಸ್ಟ್ಯಾಂಡಿನಲ್ಲಿ ದಿನವೂ ಲಾಟರಿ ಟಿಕೆಟ್ ಹಿಡಿದು ಕೂಗುತ್ತಿದ್ದರು. ಕೂಲಿಯ ದುಡ್ಡೆಲ್ಲ ಅಲ್ಲೇ ಕರಗುತ್ತಿತ್ತು. ನಿಮ್ಮಲ್ಲಿ ಹಿರಿಯರಿಗೆ ನೆನಪಿರಬೇಕು.

ಪಕ್ಕದ ಕೇರಳದಲ್ಲಿ 1967ರಿಂದ ಸರ್ಕಾರವೇ ಲಾಟರಿ ನಡೆಸುತ್ತಿದೆ. ಅಲ್ಲಿ 2024ರ ಓಣಂ ಬಂಪರ್ ಬಹುಮಾನ 25 ಕೋಟಿ. ಅದು ನಮ್ಮ ಕರ್ನಾಟಕದವರೊಬ್ಬರಿಗೇ ಬಂತು. ‘ನೋಡಿ ಮೇಡಂ, ಬರುತ್ತಲ್ಲ!’ ಅಂತ ನೀವು ಹೇಳಬಹುದು. ಹೌದು, ಬಂತು. ಆದರೆ ಅವರ ಕೈಯಲ್ಲಿ ಟಿಕೆಟ್ ಇತ್ತು. ಟಿಕೆಟ್ ಮೇಲೆ ನಂಬರ್ ಇತ್ತು. ಆ ನಂಬರ್ ಎಲ್ಲರಿಗೂ ಕಾಣುವ ಹಾಗೆ ಪ್ರಕಟವಾಗಿತ್ತು. ಕೊಳ್ಳದ ಟಿಕೆಟ್ಟಿಗೆ ಬಹುಮಾನ ಹುಡುಕಿಕೊಂಡು ಬರಲಿಲ್ಲ.

ತೆರಿಗೆಯ ವಿಷಯವನ್ನೂ ತಿಳಿದುಕೊಳ್ಳಿ. ಲಾಟರಿಯಲ್ಲಿ ದೊಡ್ಡ ದುಡ್ಡು ಬಂದರೆ ನೂರಕ್ಕೆ 30 ರೂಪಾಯಿ ತೆರಿಗೆ ಉಂಟು. ಕೊಡುವವರೇ ಅದನ್ನು ಮುರಿದುಕೊಂಡು ಉಳಿದ ದುಡ್ಡು ಕೊಡುತ್ತಾರೆ. ಕಾರಿನಂಥ ವಸ್ತು ಬಂದರೂ ತೆರಿಗೆ ಉಂಟು. ಆದರೆ ತೆರಿಗೆ ಹೋಗುವುದು ಸರ್ಕಾರಕ್ಕೆ. ಯಾರದೋ ಸ್ವಂತ ಬ್ಯಾಂಕ್ ಖಾತೆಗೆ, ಫೋನ್ ನಂಬರಿಗೆ ‘ತೆರಿಗೆ’ ಕಳಿಸಿ ಅಂದರೆ ಅದು ಸುಳ್ಳು.

ಕೆಲವು ಕಾಗದಗಳಲ್ಲಿ ರಿಸರ್ವ್ ಬ್ಯಾಂಕಿನ ಹೆಸರು ಇರುತ್ತೆ. ರಿಸರ್ವ್ ಬ್ಯಾಂಕು ಲಾಟರಿ ದುಡ್ಡು ಹಂಚುವುದಿಲ್ಲ. ಜನ ಇಂಥದ್ದನ್ನು ನಂಬಬಾರದು ಅಂತ ಅದು ಎಷ್ಟೋ ಸಲ ಪ್ರಕಟಣೆ ಕೊಟ್ಟಿದೆ. ಹೊರದೇಶದ ಲಾಟರಿ ಅಂದರೆ ಇನ್ನೂ ಎಚ್ಚರ. ಹೊರದೇಶದ ಲಾಟರಿಗೆ ಇಲ್ಲಿಂದ ದುಡ್ಡು ಕಳಿಸುವುದೇ ನಮ್ಮ ಕಾನೂನಿಗೆ ವಿರುದ್ಧ.

ಅಮೆರಿಕದಲ್ಲಿ ನಡೆದ ಕತೆ

ಮೋಸ ಹೋಗುವುದು ಹಳ್ಳಿಯವರು, ಓದದವರು ಮಾತ್ರ ಅಂತ ಕೆಲವರು ತಿಳಿದಿದ್ದಾರೆ. ಅದು ತಪ್ಪು. ಅಮೆರಿಕದ ಕತೆ ಕೇಳಿ.

ಅಲ್ಲಿ ಅಂಚೆಯ ಮೋಸಕ್ಕೆ 1872ರಷ್ಟು ಹಿಂದೆಯೇ ಒಂದು ಕಾನೂನು ಬಂದಿತ್ತು. ದೊಡ್ಡ ಪಟ್ಟಣಗಳ ಕಳ್ಳರು ಅಂಚೆಯ ಮೂಲಕ ಹಳ್ಳಿಯ ಮುಗ್ಧ ಜನರನ್ನು ದೋಚುತ್ತಿದ್ದಾರೆ, ಇದನ್ನು ತಡೆಯಬೇಕು ಅಂತ ಅಲ್ಲಿನ ಸಂಸತ್ತಿನಲ್ಲಿ ಮಾತಾಗಿತ್ತು. ಆದರೂ ನೂರಿಪ್ಪತ್ತು ವರ್ಷ ಕಳೆದ ಮೇಲೂ ಮೋಸ ನಿಂತಿರಲಿಲ್ಲ. ಬಟ್ಟೆ ಬದಲಾಯಿಸಿತ್ತು ಅಷ್ಟೆ.

1990ರ ದಶಕದಲ್ಲಿ ಅಲ್ಲಿ ಕೆಲವು ಕಂಪನಿಗಳು ಅಂಚೆಯ ಮೂಲಕ ವಾರಪತ್ರಿಕೆ, ಮಾಸಪತ್ರಿಕೆಗಳಿಗೆ ಚಂದಾ ಸಂಗ್ರಹಿಸುತ್ತಿದ್ದವು. ಜೊತೆಗೆ ಬಹುಮಾನದ ಆಸೆ ತೋರಿಸುತ್ತಿದ್ದವು. ಲಕ್ಷಗಟ್ಟಲೆ ಮನೆಗೆ ಕಾಗದ ಹೋಗುತ್ತಿತ್ತು. ಅಮೆರಿಕನ್ ಫ್ಯಾಮಿಲಿ ಪಬ್ಲಿಷರ್ಸ್ ಅನ್ನುವ ಕಂಪನಿಯ ಒಂದು ಕಾಗದದಲ್ಲಿ, 1 ಕೋಟಿ 10 ಲಕ್ಷ ಡಾಲರ್ ಬಹುಮಾನಕ್ಕೆ ಇನ್ನು ಇಬ್ಬರೇ ಉಳಿದಿದ್ದೀರಿ, ನೀವು ಮತ್ತು ಇನ್ನೊಬ್ಬರು, ಮೊದಲು ಉತ್ತರ ಕಳಿಸಿದವರಿಗೆ ಬಹುಮಾನ ಅನ್ನುವ ಅರ್ಥದ ಮಾತಿತ್ತು. ಅದೇ ಕಾಗದ ಎಷ್ಟೋ ಜನಕ್ಕೆ ಹೋಗಿತ್ತು. ‘ಗೆದ್ದಿದ್ದೀರಿ’ ಅನ್ನುವುದು ದೊಡ್ಡ ಅಕ್ಷರದಲ್ಲಿ. ‘ಗೆಲ್ಲುವ ನಂಬರ್ ನಿಮ್ಮ ಬಳಿ ಇದ್ದರೆ’ ಅನ್ನುವುದು ಇರುವೆಯಂಥ ಸಣ್ಣ ಅಕ್ಷರದಲ್ಲಿ.

ಓದು ಬಲ್ಲ ಜನ, ವಯಸ್ಸಾದವರು ಇದನ್ನು ನಂಬಿದರು. ಕಾಗದದ ಮೇಲೆ ಫ್ಲಾರಿಡಾ ರಾಜ್ಯದ ಟ್ಯಾಂಪಾ ಊರಿನ ವಿಳಾಸ ಇತ್ತು. ಕೆಲವರು ಕೈಯಲ್ಲಿ ಕಾಗದ ಹಿಡಿದು ವಿಮಾನ ಹತ್ತಿ ಟ್ಯಾಂಪಾಕ್ಕೇ ಹೋದರು, ಬಹುಮಾನ ತರಲು! ಇನ್ನು ಕೆಲವರು, ಹೆಚ್ಚು ಪತ್ರಿಕೆ ಕೊಂಡರೆ ಬಹುಮಾನ ಬೇಗ ಬರುತ್ತೆ ಅಂತ ಓದದ ಪತ್ರಿಕೆಗಳನ್ನು ರಾಶಿ ರಾಶಿ ತರಿಸಿದರು.

ಆಮೇಲೆ ಸರ್ಕಾರಗಳು ಎದ್ದವು. 1998ರಲ್ಲಿ ಆ ಕಂಪನಿ 32 ರಾಜ್ಯಗಳ ಜೊತೆ ರಾಜಿ ಮಾಡಿಕೊಂಡು ಹನ್ನೆರಡೂವರೆ ಲಕ್ಷ ಡಾಲರ್ ಕಟ್ಟಲು ಒಪ್ಪಿತು. ಪಬ್ಲಿಷರ್ಸ್ ಕ್ಲಿಯರಿಂಗ್ ಹೌಸ್ ಅನ್ನುವ ಇನ್ನೊಂದು ದೊಡ್ಡ ಕಂಪನಿ 2001ರಲ್ಲಿ 26 ರಾಜ್ಯಗಳಿಗೆ 3 ಕೋಟಿ 40 ಲಕ್ಷ ಡಾಲರ್ ಕೊಡಲು ಒಪ್ಪಬೇಕಾಯಿತು. ನನಗೆ ಮೊದಲನೆಯದು ತೀರಾ ಕಡಿಮೆ ಅನಿಸುತ್ತೆ. ಒಂದು ಬಹುಮಾನದ ಲೆಕ್ಕದಲ್ಲಿ ಹೇಳಿದ ಮೊತ್ತದ ಎಂಟನೇ ಒಂದು ಪಾಲೂ ಅಲ್ಲ.

ಇದರ ನಡುವೆ, 1999ರ ಡಿಸೆಂಬರಿನಲ್ಲಿ ಅಮೆರಿಕ ಮೋಸದ ಅಂಚೆಯನ್ನು ತಡೆಯಲು ಹೊಸ ಕಾನೂನು ಮಾಡಿತು. ಅದರಲ್ಲಿ ಅಕ್ಷರದ ವಿಷಯವೇ ಮುಖ್ಯ. ‘ಏನನ್ನೂ ಕೊಳ್ಳಬೇಕಾಗಿಲ್ಲ, ಕೊಂಡರೆ ಗೆಲ್ಲುವ ಅವಕಾಶ ಹೆಚ್ಚುವುದಿಲ್ಲ’ ಅಂತ ಕಣ್ಣಿಗೆ ಬೀಳುವ ಹಾಗೆ ಅಚ್ಚು ಹಾಕಬೇಕು. ಗೆಲ್ಲದವರಿಗೆ ಗೆದ್ದಿದ್ದೀರಿ ಅನ್ನಬಾರದು. ನಕಲಿ ಚೆಕ್ಕು ಇಟ್ಟರೆ ಅದು ದುಡ್ಡಾಗುವ ಚೆಕ್ಕಲ್ಲ ಅಂತ ಅದರ ಮೇಲೇ ಬರೆಯಬೇಕು. ನನಗೆ ಇನ್ನು ಕಾಗದ ಕಳಿಸಬೇಡಿ ಅಂತ ಯಾರಾದರೂ ಹೇಳಿದರೆ ಅವರ ಹೆಸರನ್ನು ಪಟ್ಟಿಯಿಂದ ತೆಗೆಯಬೇಕು. ತಪ್ಪಿದರೆ ದಂಡ 10 ಲಕ್ಷ ಡಾಲರ್ ತನಕ ಏರಬಹುದು.

ಇಷ್ಟೆಲ್ಲ ಆದದ್ದು ಯಾರಿಂದ? ಮೋಸ ಹೋದವರು ಕಾಗದ ಇಟ್ಟುಕೊಂಡಿದ್ದರು. ನಾಚಿಕೆ ಬಿಟ್ಟು ದೂರು ಕೊಟ್ಟರು. ಅವರ ಮಕ್ಕಳೂ ದೂರು ಕೊಟ್ಟರು. ಒಂದೊಂದೇ ದೂರು ಸೇರಿ ಕಂತೆಯಾಯಿತು.

ನಮ್ಮ ಕಾನೂನು ಏನು ಹೇಳುತ್ತೆ?

ಸುಳ್ಳು ಹೇಳಿ ನಂಬಿಸಿ ದುಡ್ಡು ಕಿತ್ತುಕೊಳ್ಳುವುದು ವಂಚನೆ. ಹಿಂದೆ ಇದನ್ನು ‘ಫೋರ್ ಟ್ವೆಂಟಿ’ ಅನ್ನುತ್ತಿದ್ದರು. ಹಳೆಯ ದಂಡಸಂಹಿತೆಯ 420ನೇ ಕಲಂ ಅದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಈಗ ಅದು 318ನೇ ಕಲಂ. ನಂಬರ್ ಬದಲಾಗಿದೆ, ಶಿಕ್ಷೆ ಹಾಗೇ ಇದೆ: 7 ವರ್ಷದ ತನಕ ಜೈಲು, ಜೊತೆಗೆ ದಂಡ. ನೀವು ದುಡ್ಡು ಕಳಿಸದೇ ಇದ್ದರೂ ದೂರು ಕೊಡಬಹುದು. ವಂಚನೆಗೆ ಪ್ರಯತ್ನ ಮಾಡುವುದೂ ಅಪರಾಧವೇ.

‘ಕಾಗದ ಬಂದದ್ದು ಬೇರೆ ರಾಜ್ಯದಿಂದ. ಅಲ್ಲಿಗೆ ಹೋಗಿ ಕೇಸು ಹಾಕಬೇಕಾ?’ ಇದು ಎಲ್ಲರೂ ಕೇಳುವ ಪ್ರಶ್ನೆ. ಬೇಕಾಗಿಲ್ಲ. ಕಾಗದದ ಮೂಲಕ ವಂಚನೆ ನಡೆದರೆ, ಕಾಗದ ಕಳಿಸಿದ ಊರಿನಲ್ಲೂ ಕೇಸು ನಡೆಸಬಹುದು, ಕಾಗದ ತಲುಪಿದ ಊರಿನಲ್ಲೂ ನಡೆಸಬಹುದು. ಕಾನೂನಿನಲ್ಲಿ ಹಾಗೆ ಸ್ಪಷ್ಟವಾಗಿ ಇದೆ. ಅಂದರೆ ನಿಮ್ಮ ತಾಲ್ಲೂಕಿನಲ್ಲೇ ಆಗುತ್ತೆ.

ಅದಕ್ಕೇ ಹೇಳುವುದು, ಕವರನ್ನು ಹರಿದು ಬಿಸಾಡಬೇಡಿ. ಕಾಗದ ಎಷ್ಟು ಮುಖ್ಯವೋ ಕವರೂ ಅಷ್ಟೇ ಮುಖ್ಯ. ಕವರಿನ ಮೇಲೆ ಅಂಚೆಯ ಮುದ್ರೆ ಇರುತ್ತೆ. ಯಾವ ಊರಿನಿಂದ, ಯಾವ ದಿನ ಹೊರಟಿತು ಅಂತ ಅದರಿಂದ ತಿಳಿಯುತ್ತೆ. ಸ್ಪೀಡ್ ಪೋಸ್ಟ್ ಆದರೆ ನಂಬರ್ ಇರುತ್ತೆ. ಕಾಗದ, ಕವರು, ಸ್ಕ್ರ್ಯಾಚ್ ಕಾರ್ಡು, ದುಡ್ಡು ಕಟ್ಟಿದ ಚೀಟಿ, ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕೈಚೀಲದಲ್ಲಿ ಹಾಕಿ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ. ಫೋನಿನಲ್ಲಿ ಬಂದ ಮೆಸೇಜುಗಳನ್ನು ಅಳಿಸಬೇಡಿ.

ದುಡ್ಡು ಕಳಿಸಿ ಆಗಿದ್ದರೆ?

ಅಳುತ್ತಾ ಕೂರಬೇಡಿ. ಫೋನಿನಿಂದಲೋ ಬ್ಯಾಂಕಿನಿಂದಲೋ ದುಡ್ಡು ಹೋಗಿದ್ದರೆ ತಕ್ಷಣ 1930ಕ್ಕೆ ಫೋನ್ ಮಾಡಿ. ಇದು ಇಡೀ ದೇಶಕ್ಕೆ ಒಂದೇ ನಂಬರ್. ದುಡ್ಡು ಇನ್ನೂ ಅವರ ಖಾತೆಯಲ್ಲೇ ಇದ್ದರೆ ತಡೆಹಿಡಿಯಬಹುದು. ತಡವಾದಷ್ಟೂ ಅವರು ತೆಗೆದುಕೊಂಡು ಹೋಗಿರುತ್ತಾರೆ. ನಿಮ್ಮ ಬ್ಯಾಂಕಿಗೂ ತಿಳಿಸಿ. ಹೋದ ದುಡ್ಡೆಲ್ಲ ವಾಪಸ್ ಬಂದೇ ಬರುತ್ತೆ ಅಂತ ನಾನು ಮಾತು ಕೊಡಲಾರೆ. ಎಷ್ಟೋ ಸಲ ಬರುವುದಿಲ್ಲ. ಆದರೆ ಬೆಳಿಗ್ಗೆ ಹೋದ ದುಡ್ಡಿಗೆ ಮಧ್ಯಾಹ್ನವೇ ದೂರು ಕೊಟ್ಟವರಿಗೂ ತಿಂಗಳು ಬಿಟ್ಟು ಕೊಟ್ಟವರಿಗೂ ಬಹಳ ವ್ಯತ್ಯಾಸ ಇದೆ. ಮನೆಯವರಿಗೆ ಹೆದರಿ ಮುಚ್ಚಿಟ್ಟರೆ ಲಾಭ ಮೋಸಗಾರನಿಗೆ.

ಆಮೇಲೆ ಪೊಲೀಸ್ ಠಾಣೆಗೆ ಹೋಗಿ. ಒಬ್ಬರೇ ಹೋಗಲು ಅಳುಕಾದರೆ ಸಂಘದವರು ನಾಲ್ಕು ಜನ ಸೇರಿ ಹೋಗಿ. ‘ಇದು ನಮ್ಮ ಠಾಣೆಗೆ ಬರುವುದಿಲ್ಲ’ ಅಂತ ವಾಪಸ್ ಕಳಿಸುವ ಹಾಗಿಲ್ಲ. ಅಪರಾಧ ಎಲ್ಲಿ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಬರೆದುಕೊಳ್ಳಬೇಕು. ನೀವು ಬಾಯಿಮಾತಿನಲ್ಲಿ ಹೇಳಿದರೆ ಅವರು ಬರೆದುಕೊಂಡು ನಿಮಗೆ ಓದಿ ಹೇಳಬೇಕು. ಈಗ ನಿಮಗೇ ಓದಲು ಬರುತ್ತಲ್ಲ, ಕೇಳಿ ಈಸಿಕೊಂಡು ನೀವೇ ಓದಿ. ನೀವು ಹೇಳಿದ ಮೊತ್ತ, ದಿನಾಂಕ ಸರಿ ಇದೆಯಾ ನೋಡಿ. ಆಮೇಲೆ ಸಹಿ ಹಾಕಿ. ಎಫ್.ಐ.ಆರ್. ಪ್ರತಿಯನ್ನು ಬಿಟ್ಟಿಯಾಗಿ ಕೊಡಬೇಕು. ಒಂದು ಪೈಸೆ ಕೊಡಬೇಕಾಗಿಲ್ಲ.

ದೂರು ತೆಗೆದುಕೊಳ್ಳದಿದ್ದರೆ ಜಿಲ್ಲೆಯ ಪೊಲೀಸ್ ಸೂಪರಿಂಟೆಂಡೆಂಟರಿಗೆ, ಅಂದರೆ ಎಸ್.ಪಿ.ಯವರಿಗೆ, ಅಂಚೆಯಲ್ಲೇ ದೂರು ಕಳಿಸಬಹುದು. ಮೋಸ ಅಂಚೆಯಲ್ಲಿ ಬಂತು, ದೂರೂ ಅಂಚೆಯಲ್ಲಿ ಹೋಗಲಿ! ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು.

ಇನ್ನೊಂದು ಮಾತು. ಸಾಕ್ಷಿ ಹೇಳಿಕೆ ಬೇಕಾದರೆ ಹೆಂಗಸರನ್ನು ಠಾಣೆಗೇ ಬಾ ಅಂತ ಒತ್ತಾಯ ಮಾಡುವ ಹಾಗಿಲ್ಲ. ನೀವಿರುವ ಮನೆಗೇ ಬಂದು ಕೇಳಬೇಕು.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಹಿಂಜರಿಯಬೇಡಿ. 1987ರ ಒಂದು ಕಾನೂನಿನಲ್ಲಿ ಹೆಂಗಸರಿಗೆಲ್ಲ ಉಚಿತ ಕಾನೂನು ನೆರವು ಇದೆ. ಬಡವರಿಗೆ ಮಾತ್ರ ಅಂತ ಅಲ್ಲ, ಆದಾಯ ಎಷ್ಟಿದ್ದರೂ ಹೆಂಗಸರಿಗೆ ಸಿಗುತ್ತೆ. ತಾಲ್ಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿದೆ ಅಂತ ಕೇಳಿ. 15100ಕ್ಕೆ ಫೋನ್ ಮಾಡಿದರೂ ಹೇಳುತ್ತಾರೆ.

ದೂರು ಬರೆಯುವ ಮಾದರಿ

ದೊಡ್ಡ ದೊಡ್ಡ ಮಾತು ಬೇಡ. ನಡೆದದ್ದನ್ನು ನಡೆದ ಹಾಗೆ, ದಿನಾಂಕ ಹಾಕಿ ಬರೆದರೆ ಸಾಕು. ಖಾಲಿ ಬಿಟ್ಟ ಜಾಗದಲ್ಲಿ ನಿಮ್ಮ ವಿವರ ತುಂಬಿ ಅಭ್ಯಾಸ ಮಾಡಿ.

‘ಗೆ, ಪೊಲೀಸ್ ಸಬ್ ಇನ್ಸ್‌ಪೆಕ್ಟರ್, ........ ಪೊಲೀಸ್ ಠಾಣೆ.

ಮಾನ್ಯರೇ,

ನನ್ನ ಹೆಸರು ......... ನನ್ನ ಊರು ......... ದಿನಾಂಕ ........ರಂದು ನನಗೆ ಅಂಚೆಯಲ್ಲಿ ಒಂದು ಕಾಗದ ಬಂತು. ಅದರಲ್ಲಿ ನನಗೆ ........ ಬಹುಮಾನ ಬಂದಿದೆ ಎಂದು ಇತ್ತು. ನಾನು ಯಾವ ಲಾಟರಿ ಟಿಕೆಟ್ಟನ್ನೂ ಕೊಂಡಿರಲಿಲ್ಲ. ಕಾಗದದಲ್ಲಿದ್ದ ........ ನಂಬರಿಗೆ ಫೋನ್ ಮಾಡಿದಾಗ ಅವರು ........ ರೂಪಾಯಿ ಕಟ್ಟಲು ಹೇಳಿದರು. ನಾನು ದಿನಾಂಕ ........ರಂದು ........ ರೂಪಾಯಿ ಕಳಿಸಿದೆ. ಬಹುಮಾನ ಬರಲಿಲ್ಲ. ನನಗೆ ಮೋಸವಾಗಿದೆ. ಕಾಗದ, ಕವರು ಮತ್ತು ದುಡ್ಡು ಕಟ್ಟಿದ ಚೀಟಿಯ ನಕಲು ಇದರ ಜೊತೆ ಇಟ್ಟಿದ್ದೇನೆ. ಮೋಸ ಮಾಡಿದವರ ಮೇಲೆ ಕಾನೂನಿನ ಪ್ರಕಾರ ಕ್ರಮ ತೆಗೆದುಕೊಳ್ಳಬೇಕೆಂದು ಕೇಳುತ್ತೇನೆ.

ಸಹಿ ........ ದಿನಾಂಕ ........’

ದುಡ್ಡು ಕಳಿಸಿಲ್ಲದಿದ್ದರೆ ದುಡ್ಡಿನ ಸಾಲುಗಳನ್ನು ಬಿಟ್ಟು, ‘ನಾನು ದುಡ್ಡು ಕಳಿಸಿಲ್ಲ. ಬೇರೆಯವರಿಗೆ ಮೋಸ ಆಗದಿರಲಿ ಎಂದು ತಿಳಿಸುತ್ತಿದ್ದೇನೆ’ ಅಂತ ಬರೆಯಿರಿ. ಒಂದೇ ಊರಿನಲ್ಲಿ ಹತ್ತು ಮನೆಗೆ ಅದೇ ಕಾಗದ ಬಂದಿದ್ದರೆ ಹತ್ತೂ ಜನ ಒಂದೇ ದೂರಿಗೆ ಸಹಿ ಹಾಕಬಹುದು.

ಮೂಲ ಕಾಗದವನ್ನು ಕೊಡುವ ಮೊದಲು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ. ದೂರನ್ನು ಎರಡು ಪ್ರತಿ ಬರೆಯಿರಿ. ಒಂದನ್ನು ಠಾಣೆಗೆ ಕೊಡಿ. ಇನ್ನೊಂದರ ಮೇಲೆ ಠಾಣೆಯ ಸೀಲು, ತೆಗೆದುಕೊಂಡವರ ಸಹಿ, ದಿನಾಂಕ ಹಾಕಿಸಿಕೊಂಡು ಮನೆಗೆ ತನ್ನಿ.